ಸುಂಕದ ಏರಿಳಿತವೂ ಅಂಗಡಿಯ ಬೆಲೆಯೂ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಕನ್ನಡನಾಡಿನಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದು ಊರ ಹೆಬ್ಬಾಗಿಲಲ್ಲಿ ಸುಂಕದ ಕಟ್ಟೆಯಿದ್ದ ಕಾಲದ ಮಾತು. ಸಂಸ್ಕೃತದ ‘ಶುಲ್ಕ’ ಶಬ್ದದ ತದ್ಭವವಾದ ಈ ‘ಸುಂಕ’ ನಮ್ಮ ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಕಾಣಿಸಿಕೊಳ್ಳುತ್ತದೆ. ಚಾಳುಕ್ಯರ ಕಾಲದ ಶಾಸನಗಳು ಪೆರ್ಜುಂಕ, ವಡ್ಡರಾವುಳ ಮುಂತಾದ ಹೆಸರುಗಳನ್ನು ಹೇಳುತ್ತವೆ. ಎಲೆಯ ಹೇರು, ಅಡಕೆಯ ಹೇರು, ಮೆಣಸಿನ ಹೇರುಗಳ ಮೇಲಣ ಸುಂಕವನ್ನು ದೇವಾಲಯದ ನಂದಾದೀವಿಗೆಗೋ ಮಠದ ಅನ್ನದಾನಕ್ಕೋ ಬಿಟ್ಟುಕೊಟ್ಟ ಸಂಗತಿಯನ್ನು ದಾಖಲಿಸುತ್ತವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬಾತನಿದ್ದನು. ಸುಂಕ ವಸೂಲಿಯೇ ಅವನ ಕಾಯಕ. ಆ ಕಾಯಕದ ಪರಿಭಾಷೆಯೇ ಅವನ ವಚನಗಳ ಪರಿಭಾಷೆಯೂ ಆಯಿತು. ಆದರೆ ಒಂದು ಸಂಗತಿಯನ್ನು ಮಾತ್ರ ಶಾಸನದ ಕಲ್ಲು ಹೇಳುವುದಿಲ್ಲ. ಸುಂಕ ಬಿಟ್ಟವರ ಹೆಸರು ಆಚಂದ್ರಾರ್ಕವಾಗಿ ನಿಂತಿದೆ. ಆದರೆ ಸುಂಕ ಬಿಟ್ಟ ಮೇಲೆ ಸಂತೆಯಲ್ಲಿ ಎಲೆಯ ಕಟ್ಟಿನ ಬೆಲೆ ಇಳಿಯಿತೇ, ಇಳಿದಿದ್ದರೆ ಎಷ್ಟು ಇಳಿಯಿತು ಎಂಬುದು ತಿಳಿಯದು. ಇಂದಿನ ಗೃಹಸ್ಥನು ಕೇಳುವುದು ಅದನ್ನೇ.

ಹಿಂದಿನ ಸುಂಕ ಕಣ್ಣಿಗೆ ಕಾಣುತ್ತಿತ್ತು. ಗಾಡಿ ನಿಲ್ಲಬೇಕು, ಮೂಟೆ ಬಿಚ್ಚಬೇಕು, ಹಣ ಎಣಿಸಬೇಕು. ಪಟ್ಟಣದ ಗಡಿಯಲ್ಲಿ ವಸೂಲಾಗುತ್ತಿದ್ದ ಆಕ್ಟ್ರಾಯ್ ಎಂಬ ಒಳಸುಂಕವು ಕರ್ನಾಟಕದಲ್ಲಿ 1979ರಲ್ಲಿ ರದ್ದಾಗಿ ಅದರ ಸ್ಥಾನಕ್ಕೆ ಪ್ರವೇಶ ತೆರಿಗೆ ಬಂದಿತು. ಅದಕ್ಕೂ ಮೊದಲೇ, 1957ರ ಕಾಯಿದೆಯ ಪ್ರಕಾರ, ಮಾರಾಟ ತೆರಿಗೆ ಜಾರಿಯಲ್ಲಿತ್ತು. 2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆಯೂ, 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯೂ ಬಂದವು. ಈಗ ಸುಂಕದವನು ಹೆಬ್ಬಾಗಿಲಲ್ಲಿ ಇಲ್ಲ. ಪೊಟ್ಟಣದ ಮೇಲೆ ‘ಎಲ್ಲ ತೆರಿಗೆಗಳೂ ಸೇರಿ’ ಎಂಬ ಸಣ್ಣ ಅಕ್ಷರಗಳಲ್ಲಿ ಅಡಗಿ ಕುಳಿತಿದ್ದಾನೆ. ಹನುಮಂತನಗರದ 50 ಅಡಿ ರಸ್ತೆಯ ದಿನಸಿ ಅಂಗಡಿಯಲ್ಲಿ ತುಪ್ಪ, ಸೋಪು, ಬಿಸ್ಕತ್ತು ಕೊಳ್ಳುವ ಗೃಹಿಣಿಯು ತಾನು ತೆತ್ತ ಹಣದಲ್ಲಿ ವರ್ತಕನ ಪಾಲೆಷ್ಟು, ಸರ್ಕಾರದ ಪಾಲೆಷ್ಟು ಎಂಬುದನ್ನು ಅರಿಯಳು. ಹೀಗಿರುವಾಗ, ತೆರಿಗೆ ಇಳಿಯಿತೆಂಬ ವಾರ್ತೆ ಬಂದ ಮರುದಿನ ಅವಳು ಅಂಗಡಿಗೆ ಹೋಗಿ, ‘ಬೆಲೆ ಇಳಿಯಲಿಲ್ಲವಲ್ಲ’ ಎಂದು ಕೇಳಿದರೆ, ಅವಳ ಪ್ರಶ್ನೆ ನ್ಯಾಯವಾದದ್ದೇ. ಉತ್ತರವು ಮಾತ್ರ ಒಂದೇ ಮಾತಿನಲ್ಲಿ ಮುಗಿಯತಕ್ಕದ್ದಲ್ಲ.

ಮೊದಲು ಲೆಕ್ಕವನ್ನೇ ನೋಡಬಹುದು. 2025ರ ಸೆಪ್ಟೆಂಬರ್ 3ರಂದು ಸೇರಿದ ಜಿ.ಎಸ್.ಟಿ. ಮಂಡಳಿಯು ಬಹುತೇಕ ಸರಕುಗಳನ್ನು ಶೇಕಡಾ 5 ಮತ್ತು 18ರ ಎರಡು ದರಗಳಿಗೆ ತಂದಿತು. ಆ ದರಗಳು ಸೆಪ್ಟೆಂಬರ್ 22ರಂದು ಜಾರಿಗೆ ಬಂದವು. ತುಪ್ಪದ ಮೇಲಣ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಅದೇ ದಿನ ಕರ್ನಾಟಕ ಹಾಲು ಮಹಾಮಂಡಲವು ಲೀಟರಿಗೆ 650 ರೂ. ಇದ್ದ ನಂದಿನಿ ತುಪ್ಪದ ಬೆಲೆಯನ್ನು 610 ರೂ.ಗೆ ಇಳಿಸಿತು. ಶೇಕಡಾ 7 ಇಳಿದ ಮೇಲೆ 650 ರೂ.ಗೆ ಶೇಕಡಾ 7ರಂತೆ 45 ರೂ. 50 ಪೈಸೆ ಕಡಿಮೆಯಾಗಬೇಕಿತ್ತು, 40 ರೂ. ಮಾತ್ರ ಏಕೆ ಇಳಿಯಿತು ಎಂದು ಕೇಳಿದವರುಂಟು. ಇದು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಿಡಿಸಬಲ್ಲ ಶೇಕಡಾವಾರು ಲೆಕ್ಕ. ಆದರೂ ವಿದ್ಯಾವಂತರೇ ಇದರಲ್ಲಿ ಎಡವುವುದು ಹೆಚ್ಚು. ತೆರಿಗೆಯನ್ನು ಹಾಕುವುದು ಮೂಲಬೆಲೆಯ ಮೇಲೆ. ಪೊಟ್ಟಣದ ಮೇಲಿರುವುದು ತೆರಿಗೆ ಸೇರಿದ ಬೆಲೆ. 650 ರೂ.ಯನ್ನು 112 ಭಾಗ ಮಾಡಿ ಅದರಲ್ಲಿ 100 ಭಾಗವನ್ನು ತೆಗೆದರೆ ಮೂಲಬೆಲೆ ಸುಮಾರು 580 ರೂ. 36 ಪೈಸೆ. ಅದಕ್ಕೆ ಶೇಕಡಾ 5 ಸೇರಿಸಿದರೆ 609 ರೂ. 38 ಪೈಸೆ. ಹಾಲು ಮಹಾಮಂಡಲವು ಅದನ್ನು 610 ಎಂದು ದುಂಡಗಾಗಿಸಿತು. ಅಂದರೆ ಬಳಕೆದಾರನಿಗೆ ಬರಬೇಕಾದ ಇಳಿಕೆ ಸುಮಾರಾಗಿ ಪೂರ್ಣವಾಗಿಯೇ ಬಂದಿತು. ಇದೇ ಕ್ರಮದಲ್ಲಿ ಶೇಕಡಾ 18ರಿಂದ 5ಕ್ಕೆ ಇಳಿದ ಸೋಪು, ಬಿಸ್ಕತ್ತುಗಳ ಬೆಲೆ ಇಳಿಯಬೇಕಾದದ್ದು ನೂರಕ್ಕೆ 13 ಅಲ್ಲ, ಸುಮಾರು 11.

ತುಪ್ಪದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷದ ನವೆಂಬರ್ ಮೊದಲ ವಾರದಲ್ಲಿ ಲೀಟರಿನ ಬೆಲೆ 610ರಿಂದ 700 ರೂ.ಗೆ ಏರಿತು. ‘ತೆರಿಗೆ ಇಳಿಸಿದ ನೆಪ ಮಾಡಿ ನಲವತ್ತು ಕೊಟ್ಟರು, ತೊಂಬತ್ತು ಕಿತ್ತುಕೊಂಡರು’ ಎಂಬ ಮಾತು ಹುಟ್ಟುವುದು ಇಂಥಲ್ಲಿಯೇ. ಆದರೆ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. 700 ರೂ.ಯಲ್ಲಿ ಶೇಕಡಾ 5ರ ತೆರಿಗೆಯನ್ನು ಕಳೆದರೆ ಮೂಲಬೆಲೆ ಸುಮಾರು 667 ರೂ. ಅಂದರೆ ಆರು ವಾರಗಳಲ್ಲಿ ಮೂಲಬೆಲೆಯೇ 86 ರೂ.ಗಳಷ್ಟು ಏರಿತು, ಅದಕ್ಕೆ ಕಾರಣ ತೆರಿಗೆಯಲ್ಲ, ತುಪ್ಪದ ಪೇಟೆ. ತೆರಿಗೆ ಹಿಂದಿನ ಶೇಕಡಾ 12ರಲ್ಲಿಯೇ ಇದ್ದು ಮೂಲಬೆಲೆ ಹೀಗೆಯೇ ಏರಿದ್ದರೆ ಲೀಟರಿಗೆ 747 ರೂ. ತೆರಬೇಕಾಗುತ್ತಿತ್ತು. ಆ 47 ರೂ.ಯ ಉಪಕಾರ ಇಂದಿಗೂ ಉಳಿದಿದೆ, ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆಗದೆ ಹೋದ ಏರಿಕೆಯನ್ನು ಯಾವ ಬಿಲ್ಲೂ ಮುದ್ರಿಸುವುದಿಲ್ಲ. ತೆರಿಗೆಯ ಪರಿಣಾಮವನ್ನು ಅಳೆಯುವವರು ನಿನ್ನೆಯ ಬೆಲೆಯೊಡನೆ ಇಂದಿನ ಬೆಲೆಯನ್ನು ಹೋಲಿಸಿದರೆ ಸಾಲದು. ತೆರಿಗೆ ಬದಲಾಗದೆ ಇದ್ದಿದ್ದರೆ ಇಂದು ಇರುತ್ತಿದ್ದ ಬೆಲೆಯೊಡನೆ ಹೋಲಿಸಬೇಕು. ಮೇಲೆ ಹೇಳಿದ ಮಾತಿನಲ್ಲಿ ಗೃಹಿಣಿಯ ಸಂಕಟ ಸತ್ಯ, ಅವಳು ಹೊರಿಸಿದ ಆರೋಪ ಮಾತ್ರ ಪೂರ್ಣ ಸತ್ಯವಲ್ಲ.

ಇದಕ್ಕೆ ಪ್ರತಿಯಾದ ಉದಾಹರಣೆ ಮೊಸರಿನದು. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಹೆಸರು ಹಚ್ಚಿ ಮಾರುವ ಮೊಸರು, ಮಜ್ಜಿಗೆ, ಲಸ್ಸಿಗಳ ಮೇಲೆ ಶೇಕಡಾ 5ರ ತೆರಿಗೆ ಬಂದಿತು. ಅದುವರೆಗೆ ಅವುಗಳಿಗೆ ತೆರಿಗೆಯಿರಲಿಲ್ಲ. 200 ಗ್ರಾಂ ನಂದಿನಿ ಮೊಸರಿನ ಪೊಟ್ಟಣಕ್ಕೆ 10 ರೂ. ಇತ್ತು. ಶೇಕಡಾ 5ರಂತೆ 50 ಪೈಸೆ ಏರಬೇಕು. ಏರಿದ್ದು 2 ರೂ. ಅಂದರೆ ನೂರಕ್ಕೆ ಇಪ್ಪತ್ತು! ಅರ್ಧ ಲೀಟರಿನದು 22ರಿಂದ 24ಕ್ಕೆ, ಲೀಟರಿನದು 43ರಿಂದ 46ಕ್ಕೆ ಹೋಯಿತು. ಸಾರ್ವಜನಿಕರಿಂದ ಆಕ್ಷೇಪಣೆ ಬಂದೊಡನೆ ದರಗಳು ಪರಿಷ್ಕೃತವಾಗಿ ಕ್ರಮವಾಗಿ 10 ರೂ. 50 ಪೈಸೆ, 23 ರೂ., 45 ರೂ. ಆದವು. ಎರಡನೆಯ ಸಲದ ದರಗಳು ಲೆಕ್ಕಕ್ಕೆ ಸರಿಯಾಗಿ ಹೊಂದುತ್ತವೆ. ಮೊದಲನೆಯ ಸಲ ಹಾಗೇಕಾಯಿತು? ಕಾರಣ ನಾಣ್ಯದಲ್ಲಿದೆ. 25 ಪೈಸೆ ಮತ್ತು ಅದಕ್ಕಿಂತ ಕಿರಿಯ ನಾಣ್ಯಗಳು 2011ರ ಜೂನ್ ಅಂತ್ಯಕ್ಕೆ ಚಲಾವಣೆಯಿಂದ ಹಿಂತೆಗೆಯಲ್ಪಟ್ಟವು. 50 ಪೈಸೆಗೆ ಕಾನೂನಿನ ಮಾನ್ಯತೆಯುಂಟು, ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಮಾತ್ರ ಅದು ಇಲ್ಲ. ಆದುದರಿಂದ ಹತ್ತು ರೂಪಾಯಿಯ ವಸ್ತುವಿನ ಮೇಲೆ ಬಿದ್ದ ಐವತ್ತು ಪೈಸೆಯ ತೆರಿಗೆ ಒಂದು ರೂಪಾಯಿಯಾಗಿಯೋ ಎರಡು ರೂಪಾಯಿಯಾಗಿಯೋ ಬಡವನ ಕೈಸೇರುತ್ತದೆ. ಲೀಟರುಗಟ್ಟಲೆ ಕೊಳ್ಳುವ ಮನೆಗೆ ದುಂಡಗಾಗಿಸುವಿಕೆಯ ಹೊರೆ ಕಡಿಮೆ. ಸಣ್ಣ ಪೊಟ್ಟಣ ಕೊಳ್ಳುವವನಿಗೆ ಹೆಚ್ಚು. ತೆರಿಗೆಯ ಶೇಕಡಾವಾರು ದರ ಎಲ್ಲರಿಗೂ ಒಂದೇ ಆದರೂ ಭಾರ ಒಂದೇ ಅಲ್ಲ ಎಂಬುದಕ್ಕೆ ಈ ಮೊಸರಿನ ಪೊಟ್ಟಣಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಆ ದಿನವೇ ಅಕ್ಕಿ, ಬೇಳೆ, ಹಿಟ್ಟುಗಳಿಗೂ ಇಂಥದೇ ನಿಯಮ ಬಂದಿತು: ಹೆಸರು ಹಚ್ಚಿದ 25 ಕಿಲೋ ವರೆಗಿನ ಚೀಲಕ್ಕೆ ತೆರಿಗೆ, ಅದಕ್ಕೆ ಮೇಲ್ಪಟ್ಟದ್ದಕ್ಕೆ ಇಲ್ಲ. ಪರಿಣಾಮವಾಗಿ 26 ಕಿಲೋ ಚೀಲಗಳು ಪೇಟೆಗೆ ಬಂದವು. ಒಂದು ಕಿಲೋ ಹೆಚ್ಚು ತುಂಬಿ ಇಡೀ ಚೀಲದ ತೆರಿಗೆಯನ್ನು ದಾಟಿದ ಈ ಜಾಣ್ಮೆಗೆ ನಗಬಹುದು; ಆದರೆ ತಿಂಗಳಿಗೆ ಐದು ಕಿಲೋ ಕೊಳ್ಳುವ ಬಾಡಿಗೆ ಕೋಣೆಯ ಸಂಸಾರಕ್ಕೆ ಆ ಜಾಣ್ಮೆ ನಿಲುಕುವುದಿಲ್ಲ.

ಇಳಿಕೆಯ ಕಾಲದಲ್ಲಿಯೂ ನಾಣ್ಯ ಅಡ್ಡ ಬರುತ್ತದೆ. 5 ರೂ. ಬಿಸ್ಕತ್ತಿನ ಪೊಟ್ಟಣವು 2025ರ ಇಳಿಕೆಯ ನಂತರ 4 ರೂ. 45 ಪೈಸೆ ಆಗಬೇಕು. ಐದು ರೂಪಾಯಿ ಕೊಟ್ಟ ಹುಡುಗನಿಗೆ ಅಂಗಡಿಯಾತ 55 ಪೈಸೆಯನ್ನು ಎಲ್ಲಿಂದ ತಂದು ಕೊಡಬೇಕು? ಬೆಲೆಯನ್ನು ಹಾಗೆಯೇ ಇಟ್ಟು ತೂಕವನ್ನು ಹೆಚ್ಚಿಸುವುದು ಇನ್ನೊಂದು ದಾರಿ. ಆಗ 100 ಗ್ರಾಂ ಇದ್ದುದು 112 ಗ್ರಾಂ ಆಗಬೇಕು. ದಾರಿ ನ್ಯಾಯವಾದದ್ದೇ. ಆದರೆ ಗೋಧಿ, ಸಕ್ಕರೆ ದುಬಾರಿಯಾದಾಗ ಇದೇ ಕಂಪೆನಿಗಳು ಬೆಲೆ ಮುಟ್ಟದೆ ತೂಕವನ್ನು ಸದ್ದಿಲ್ಲದೆ ತಗ್ಗಿಸಿದ್ದನ್ನು ಕಂಡವರು ಈ ಹೆಚ್ಚಿದ ತೂಕ ಎಷ್ಟು ದಿನ ಉಳಿದೀತು ಎಂದು ಸಂದೇಹಪಟ್ಟರೆ ಅವರನ್ನು ದೂಷಿಸಲಾಗದು.

ತೆರಿಗೆಯನ್ನು ಸರ್ಕಾರಕ್ಕೆ ಕಟ್ಟುವವನು ಒಬ್ಬ, ಅದರ ಭಾರವನ್ನು ಹೊರುವವನು ಇನ್ನೊಬ್ಬ. ಈ ಭೇದವನ್ನು ಅರ್ಥಶಾಸ್ತ್ರಜ್ಞರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಭಾರ ಯಾರ ಮೇಲೆ ಬೀಳುತ್ತದೆಂಬುದು ಯಾರು ಪೇಟೆಯನ್ನು ಬಿಟ್ಟು ಹೋಗಬಲ್ಲರು ಎಂಬುದನ್ನು ಅವಲಂಬಿಸಿದೆ. ಉಪ್ಪನ್ನು ಬಿಟ್ಟು ಬದುಕುವವನಿಲ್ಲ. ಬ್ರಿಟಿಷ್ ಸರ್ಕಾರವು 1923ರಲ್ಲಿ ಉಪ್ಪಿನ ಸುಂಕವನ್ನು ಮಣಕ್ಕೆ ಒಂದೂಕಾಲು ರೂಪಾಯಿಯಿಂದ ಎರಡೂವರೆ ರೂಪಾಯಿಗೆ ಇಮ್ಮಡಿಗೊಳಿಸಿ, ವಿರೋಧ ತಾಳಲಾರದೆ ಮರುವರ್ಷ ಇಳಿಸಬೇಕಾಯಿತು. ಉಪ್ಪಿನ ಮೇಲೆ ಹಾಕಿದ ಕಾಸು ಕಾಸೂ ಬಡವನ ಗಂಜಿಯ ಬಟ್ಟಲಿಗೇ ಬರುತ್ತದೆಂಬುದನ್ನು ತಿಳಿಸಲು ಗ್ರಂಥಗಳು ಬೇಕಾಗಿರಲಿಲ್ಲ. ಆದರೆ ಹತ್ತು ಕಂಪೆನಿಗಳು ಪೈಪೋಟಿಯಲ್ಲಿ ಮಾರುವ ವಸ್ತುವಿನಲ್ಲಿ ಒಬ್ಬನು ಬೆಲೆ ಏರಿಸಿದರೆ ಗಿರಾಕಿ ಪಕ್ಕದವನಲ್ಲಿಗೆ ಹೋಗುತ್ತಾನೆ. ಅಲ್ಲಿ ಭಾರದ ಒಂದಂಶವನ್ನು ಮಾರುವವನೇ ತನ್ನ ಲಾಭದಲ್ಲಿ ನುಂಗಿಕೊಳ್ಳಬೇಕಾಗುತ್ತದೆ.

ಏರುವಾಗಲೂ ಇಳಿಯುವಾಗಲೂ ಈ ನಿಯಮ ಒಂದೇ ರೀತಿ ನಡೆಯುತ್ತದೆಯೆ? ನಡೆಯುವುದಿಲ್ಲವೆಂಬುದಕ್ಕೆ ದೂರದ ಫಿನ್ಲೆಂಡ್ ದೇಶದ ಕ್ಷೌರದಂಗಡಿಗಳು ಒಳ್ಳೆಯ ಪುರಾವೆ ಒದಗಿಸಿವೆ. ಅಲ್ಲಿ 2007ರ ಜನವರಿಯಲ್ಲಿ ಈ ಸೇವೆಯ ಮೇಲಣ ತೆರಿಗೆಯನ್ನು ಶೇಕಡಾ 22ರಿಂದ 8ಕ್ಕೆ ಇಳಿಸಿದರು; 2012ರ ಜನವರಿಯಲ್ಲಿ 9ರಿಂದ 23ಕ್ಕೆ ಏರಿಸಿದರು. ಅಂಗಡಿಗಳೂ ಅವೇ, ಗಿರಾಕಿಗಳೂ ಬಹುಮಟ್ಟಿಗೆ ಅವರೇ. ಆದರೂ ಏರಿಕೆಗೆ ದರಗಳು ಸ್ಪಂದಿಸಿದ ಪ್ರಮಾಣ ಇಳಿಕೆಗೆ ಸ್ಪಂದಿಸಿದ್ದರ ಎರಡರಷ್ಟಕ್ಕೂ ಹೆಚ್ಚೆಂದು ಸಂಶೋಧಕರು ಕಂಡುಕೊಂಡರು. ಇಳಿಕೆಯ ಬಹುಭಾಗ ಅಂಗಡಿಯವರಲ್ಲಿಯೇ ಉಳಿಯಿತು. ಭಾರತದಲ್ಲಿಯೂ 2025ರ ಸೆಪ್ಟೆಂಬರಿನಲ್ಲಿ ಕ್ಷೌರದ ಸೇವೆಯ ತೆರಿಗೆ ಶೇಕಡಾ 18ರಿಂದ 5ಕ್ಕೆ ಇಳಿಯಿತು. ಹವಾನಿಯಂತ್ರಿತ ಸೆಲೂನಿನ ಬಿಲ್ಲಿನಲ್ಲಿ ಅದು ಕಾಣಬಹುದು. ಒಳಬೀದಿಯ ಒಂಟಿ ಕುರ್ಚಿಯ ಅಂಗಡಿಯಲ್ಲಿ ಏನೂ ಬದಲಾಗದು. ಏಕೆಂದರೆ ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂ. ದಾಟದವನು ತೆರಿಗೆಯ ವ್ಯಾಪ್ತಿಗೇ ಬರುವುದಿಲ್ಲ. ಅವನು ಮೊದಲೂ ತೆರಿಗೆ ವಸೂಲು ಮಾಡುತ್ತಿರಲಿಲ್ಲ, ಈಗ ಇಳಿಸಲು ಅವನಲ್ಲಿ ತೆರಿಗೆಯೇ ಇಲ್ಲ. ‘ಎಲ್ಲ ಕಡೆ ಇಳಿದರೂ ನೀನೊಬ್ಬ ಇಳಿಸಲಿಲ್ಲ’ ಎಂದು ಅವನೊಡನೆ ಜಗಳವಾಡುವವರು ಇದನ್ನು ಅರಿಯಬೇಕು.

ಸರಕು ಮಾರುವ ಸಣ್ಣ ಅಂಗಡಿಗೂ ಇಂಥದೇ ಮಿತಿ 40 ಲಕ್ಷ ರೂ. ಇಂಥ ಅಂಗಡಿಯಾತ ಸಗಟು ವ್ಯಾಪಾರಿಗೆ ತೆತ್ತ ತೆರಿಗೆ ಅವನಿಗೆ ಮರಳಿ ಬರುವುದಿಲ್ಲ; ಅದು ಅವನ ಅಸಲಿನಲ್ಲಿಯೇ ಕರಗಿ ಹೋಗುತ್ತದೆ. ಸೆಪ್ಟೆಂಬರ್ 21ರ ಸಂಜೆ ಅವನ ಕಪಾಟಿನಲ್ಲಿದ್ದ ಸೋಪೆಲ್ಲವೂ ಶೇಕಡಾ 18 ತೆತ್ತು ಕೊಂಡದ್ದು. ಮರುದಿನ ಹೊಸ ಬೆಲೆಗೆ ಮಾರಿದರೆ, ಕಂಪೆನಿಯು ವ್ಯತ್ಯಾಸವನ್ನು ತುಂಬಿಕೊಡದ ಹೊರತು, ನಷ್ಟ ಅವನದು. ಇಳಿಕೆ ಬೀದಿಗೆ ಬರಲು ವಾರಗಳು ಹಿಡಿಯುವುದಕ್ಕೆ ದುರಾಸೆಯಷ್ಟೇ ಕಾರಣವಲ್ಲ. ಹಳೆಯ ದಾಸ್ತಾನು ಒಂದು ನಿಜವಾದ ಕಾರಣ. ಏರಿಕೆಯ ಸಮಯದಲ್ಲಿ ಮಾತ್ರ ಹಳೆಯ ದಾಸ್ತಾನು ಯಾರ ನೆನಪಿಗೂ ಬರುವುದಿಲ್ಲವೆಂಬುದೂ ಅಷ್ಟೇ ನಿಜ.

ಇನ್ನು ಹೋಟೆಲಿನ ವಿಚಾರ. 2017ರ ಜುಲೈಯಿಂದ ಹವಾನಿಯಂತ್ರಣವಿಲ್ಲದ ಹೋಟೆಲಿನ ತಿಂಡಿಗೆ ಶೇಕಡಾ 12, ಹವಾನಿಯಂತ್ರಣವಿದ್ದಲ್ಲಿ 18 ತೆರಿಗೆಯಿತ್ತು. ಅದೇ ವರ್ಷ ನವೆಂಬರ್ 15ರಿಂದ ಎರಡಕ್ಕೂ ಶೇಕಡಾ 5 ಆಯಿತು. ಗಾಂಧಿ ಬಜಾರಿನ ಸುತ್ತ ದೋಸೆ ತಿನ್ನುವವರಿಗೆ ಇದಕ್ಕಿಂತ ಸಿಹಿಸುದ್ದಿ ಬೇಕೆ? ಆದರೆ ಎಷ್ಟೋ ಹೋಟೆಲುಗಳಲ್ಲಿ ತಿಂಡಿಪಟ್ಟಿಯ ದರವೇ ಮೇಲೆ ಹೋಗಿ, ಕೊನೆಯಲ್ಲಿ ತೆರುವ ಹಣ ಹೆಚ್ಚು ಬದಲಾಗಲಿಲ್ಲ. ಇದರ ಮರ್ಮವನ್ನು ತಿಳಿಯಬೇಕಾದರೆ ಈ ತೆರಿಗೆಯ ಸರಪಳಿಯನ್ನು ತಿಳಿಯಬೇಕು.

ಹಿಂದಿನ ಪದ್ಧತಿಯಲ್ಲಿ ತೆರಿಗೆಯ ಮೇಲೆ ತೆರಿಗೆ ಬೀಳುತ್ತಿತ್ತು. ಕಾರ್ಖಾನೆಯಲ್ಲಿ 100 ರೂ. ಬೆಲೆಯ ವಸ್ತುವಿಗೆ ಕೇಂದ್ರದ ಉತ್ಪಾದನಾ ಸುಂಕ ಶೇಕಡಾ 12.5 ಸೇರಿ 112 ರೂ. 50 ಪೈಸೆಯಾದರೆ, ಆ ಮೊತ್ತದ ಮೇಲೆ ರಾಜ್ಯದ ತೆರಿಗೆ ಶೇಕಡಾ 14.5, ಅಂದರೆ 16 ರೂ. 31 ಪೈಸೆ. ಇದರಲ್ಲಿ 1 ರೂ. 81 ಪೈಸೆ ಸುಂಕದ ಮೇಲಣ ಸುಂಕ. ಬಿಲ್ಲಿನಲ್ಲಿ ಕಾಣುತ್ತಿದ್ದುದು 14.5 ಮಾತ್ರ, ಹೊರುತ್ತಿದ್ದುದು ಸುಮಾರು 29. ಜಿ.ಎಸ್.ಟಿ. ಬಂದಾಗ ಕೆಲವು ವಸ್ತುಗಳ ಬಿಲ್ಲಿನಲ್ಲಿ 18 ಎಂದೋ 28 ಎಂದೋ ಕಂಡು ಜನ ಗಾಬರಿಯಾದರು. ಕಾಣದಿದ್ದ ಭಾರವೇ ಕಂಡಿತೆಂದು ಯಾರೂ ಬಿಡಿಸಿ ಹೇಳಲಿಲ್ಲ. ಹೊಸ ಪದ್ಧತಿಯಲ್ಲಿ ಪ್ರತಿಯೊಬ್ಬ ವರ್ತಕನೂ ತಾನು ಕೊಳ್ಳುವಾಗ ತೆತ್ತ ತೆರಿಗೆಯನ್ನು, ತಾನು ಮಾರುವಾಗ ವಸೂಲು ಮಾಡಿದ ತೆರಿಗೆಯಲ್ಲಿ ಮುರಿದುಕೊಂಡು ಉಳಿದದ್ದನ್ನು ಸರ್ಕಾರಕ್ಕೆ ಕಟ್ಟುತ್ತಾನೆ. ಈ ಮುರಿದುಕೊಳ್ಳುವ ಹಕ್ಕಿಗೆ ತೆರಿಗೆ ಜಮೆ ಎಂದು ಹೆಸರು. ಜಮೆಯ ಸರಪಳಿ ಕಡಿಯದೆ ಸಾಗಿದರೆ ತೆರಿಗೆಯ ಮೇಲೆ ತೆರಿಗೆ ಬೀಳದು. ಕಡಿದಲ್ಲಿ, ಹಿಂದೆ ತೆತ್ತದ್ದೆಲ್ಲವೂ ಬೆಲೆಯೊಳಗೆ ಇಳಿದು ಹುದುಗುತ್ತದೆ.

ಹೋಟೆಲುಗಳಿಗೆ ಶೇಕಡಾ 5 ಬಂದಾಗ ಆ ಜಮೆಯ ಹಕ್ಕನ್ನು ಕಿತ್ತುಕೊಳ್ಳಲಾಯಿತು. ಒಂದು ಲೆಕ್ಕ ಹಿಡಿಯುವುದಾದರೆ, 50 ರೂ. ದೋಸೆಗೆ ಶೇಕಡಾ 12 ಸೇರಿ 56 ರೂ. ಆಗುತ್ತಿತ್ತು. ಎಣ್ಣೆ, ಅನಿಲ, ಬಾಡಿಗೆ, ಪಾತ್ರೆಗಳ ಮೇಲೆ ತೆತ್ತ ತೆರಿಗೆ ದೋಸೆಗೆ 3 ರೂ. ಎಂದಿಟ್ಟುಕೊಂಡರೆ ಅದು ಹೋಟೆಲಿನವನಿಗೆ ಜಮೆಯಾಗುತ್ತಿತ್ತು. ಜಮೆ ಹೋದ ಮೇಲೆ ಅವನು ಪಟ್ಟಿಯಲ್ಲಿ 53 ಎಂದು ತಿದ್ದಿ, ಶೇಕಡಾ 5 ಸೇರಿಸಿ 55 ರೂ. 65 ಪೈಸೆ ಎನ್ನುತ್ತಾನೆ. ದರದಲ್ಲಿ ಏಳು ಇಳಿಯಿತು. ತಿನ್ನುವವನಿಗೆ ಇಳಿದದ್ದು 35 ಪೈಸೆ. ಹಾಗೆಂದು ಎಲ್ಲ ಹೋಟೆಲುಗಳೂ ಇಷ್ಟೇ ನಷ್ಟ ತುಂಬಿಕೊಂಡವೆಂದಲ್ಲ. ಅದಕ್ಕಿಂತ ಹೆಚ್ಚು ಏರಿಸಿದವೂ ಉಂಟು. ತೆರಿಗೆ ಇಳಿಕೆಯ ಲಾಭವನ್ನು ಗ್ರಾಹಕನಿಗೆ ದಾಟಿಸಲೇಬೇಕೆಂದು ಕೇಂದ್ರ ಜಿ.ಎಸ್.ಟಿ. ಕಾಯಿದೆಯ 171ನೆಯ ಕಲಮು ವಿಧಿಸುತ್ತದೆ. ಅದನ್ನು ವಿಚಾರಿಸಲು 2017ರಲ್ಲಿ ರಾಷ್ಟ್ರೀಯ ಪ್ರಾಧಿಕಾರವೊಂದನ್ನು ರಚಿಸಲಾಯಿತು; 2022ರ ಡಿಸೆಂಬರಿನಲ್ಲಿ ಆ ಕೆಲಸ ಸ್ಪರ್ಧಾ ಆಯೋಗಕ್ಕೂ, 2024ರ ಅಕ್ಟೋಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿಗೂ ಹೋಯಿತು; 2025ರ ಏಪ್ರಿಲ್ 1ರಿಂದ ಹೊಸ ದೂರುಗಳನ್ನು ಸ್ವೀಕರಿಸುವುದೇ ನಿಂತಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎಲ್ಲಕ್ಕಿಂತ ದೊಡ್ಡ ಇಳಿಕೆ ಬಂದಾಗ ಆ ಬಾಗಿಲು ಮುಚ್ಚಿತ್ತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೇಳಬಹುದೆಂದರು. ಅಲ್ಲಿಗೆ ಗಾದೆಯ ಸುಂಕದವನು ಮತ್ತೆ ನೆನಪಾಗುತ್ತಾನೆ.

ಪೆಟ್ರೋಲು, ಡೀಸೆಲ್‌ಗಳು ಜಿ.ಎಸ್.ಟಿ.ಯ ಹೊರಗಿವೆ; ಅಲ್ಲಿ ಕೇಂದ್ರದ ಉತ್ಪಾದನಾ ಸುಂಕ ಮತ್ತು ರಾಜ್ಯದ ಮಾರಾಟ ತೆರಿಗೆ ಹಿಂದಿನಂತೆಯೇ ಇವೆ. 2021ರ ನವೆಂಬರಿನಲ್ಲಿ ಕೇಂದ್ರವು ಪೆಟ್ರೋಲಿಗೆ 5 ರೂ., ಡೀಸೆಲಿಗೆ 10 ರೂ. ಸುಂಕ ಇಳಿಸಿತು, ಕರ್ನಾಟಕವು ತನ್ನ ಪಾಲಿನಿಂದ ಎರಡಕ್ಕೂ 7 ರೂ.ಯಂತೆ ಇಳಿಸಿತು. 2024ರ ಜೂನ್ 15ರಂದು ರಾಜ್ಯವು ಪೆಟ್ರೋಲಿನ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೂ ಡೀಸೆಲಿನದನ್ನು 14.34ರಿಂದ 18.44ಕ್ಕೂ ಏರಿಸಿತು, ಲೀಟರಿಗೆ ಸುಮಾರು 3 ರೂ. ಏರಿತು. ಬಂಕಿನಲ್ಲಿ ಏರಿಕೆಯೂ ಇಳಿಕೆಯೂ ಪೈಸೆ ಬಿಡದೆ ಒಡನೆಯೇ ಕಾಣುತ್ತವೆ, ಏಕೆಂದರೆ ಬಂಕಿನವನಿಗೆ ದರ ಕಟ್ಟುವ ಅಧಿಕಾರವಿಲ್ಲ. ಆದರೆ ಡೀಸೆಲಿನ ತೆರಿಗೆ ಬಂಕಿನಲ್ಲಿಯೇ ನಿಲ್ಲುವುದಿಲ್ಲ. ಕೋಲಾರದ ಕಡೆಯಿಂದ ಟೊಮೇಟೊ ಹೊತ್ತು ಕೆ.ಆರ್. ಮಾರುಕಟ್ಟೆಗೆ ಬರುವ ಲಾರಿಯ ಬಾಡಿಗೆಯಲ್ಲಿ ಅದು ಇದೆ. ಅದಕ್ಕೆ ಜಮೆಯ ಹಕ್ಕೂ ಇಲ್ಲ. ತರಕಾರಿಗೆ ತೆರಿಗೆಯಿಲ್ಲವೆಂದು ಕಾಯಿದೆ ಹೇಳುತ್ತದೆ. ತಳ್ಳುಗಾಡಿಯ ಸೊಪ್ಪಿನ ಕಟ್ಟಿನೊಳಗೆ ಡೀಸೆಲಿನ ತೆರಿಗೆ ಕುಳಿತಿರುತ್ತದೆ. 2025ರ ಏಪ್ರಿಲ್ 1ರಂದು ಡೀಸೆಲಿನ ತೆರಿಗೆ ಶೇಕಡಾ 21.17ಕ್ಕೆ ಏರಿದ ದಿನವೇ ನಂದಿನಿ ಹಾಲೂ ಲೀಟರಿಗೆ 4 ರೂ. ಏರಿತು. ಹಾಲಿಗೆ ಜಿ.ಎಸ್.ಟಿ. ಇಲ್ಲ. ಎರಡೂ ಒಂದೇ ದಿನ ಬಂದುದರಿಂದ ಎರಡನ್ನೂ ತೆರಿಗೆಯೆಂದೇ ಭಾವಿಸಿದವರು ಬಹಳ.

ವಿದ್ಯಾಸಂಸ್ಥೆಗಳಿಗೆ ಹತ್ತಿರದ ಸಂಗತಿ ಕಾಗದದ್ದು. 2025ರ ಸೆಪ್ಟೆಂಬರ್ 22ರಿಂದ ವಿದ್ಯಾರ್ಥಿಗಳ ಬರವಣಿಗೆಯ ನೋಟುಪುಸ್ತಕಕ್ಕೆ ಶೇಕಡಾ 12 ಇದ್ದ ತೆರಿಗೆ ಶೂನ್ಯವಾಯಿತು. ಶೂನ್ಯವೆಂಬ ಪದಕ್ಕೆ ಶರಣರ ವಾಙ್ಮಯದಲ್ಲಿ ಪೂರ್ಣವೆಂಬ ಅರ್ಥವುಂಟು. ತೆರಿಗೆಶಾಸ್ತ್ರದ ಶೂನ್ಯ ಅಷ್ಟು ಪೂರ್ಣವಲ್ಲ. ವಸ್ತುವಿಗೆ ತೆರಿಗೆ ವಿನಾಯಿತಿ ದೊರೆತೊಡನೆ ಅದನ್ನು ತಯಾರಿಸುವವನಿಗೆ ಜಮೆಯ ಹಕ್ಕು ಹೋಗುತ್ತದೆ. ನೋಟುಪುಸ್ತಕಕ್ಕೆ ಬಳಸುವ ಕಾಗದವನ್ನೂ ಶೂನ್ಯಕ್ಕೆ ಇಳಿಸಿದ್ದು ವಿವೇಕದ ಕೆಲಸ. ಆದರೆ ಹೊದಿಕೆಯ ರಟ್ಟು, ಅಂಟು, ಮಸಿ ಇವುಗಳ ತೆರಿಗೆ ಉಳಿದೇ ಇದೆ. 56 ರೂ. ಪುಸ್ತಕ 50ಕ್ಕೆ ಬರಬೇಕೆಂದು ಲೆಕ್ಕ ಹೇಳಿದರೂ 51 ಅಥವಾ 52ರಲ್ಲಿ ನಿಂತರೆ ಅದನ್ನು ಮೋಸವೆನ್ನಲಾಗದು. ಇದರ ಜೊತೆಗೆ, ಇತರ ಬಗೆಯ ಬರೆಯುವ ಹಾಗೂ ಮುದ್ರಿಸುವ ಕಾಗದದ ತೆರಿಗೆ ಅದೇ ದಿನ 12ರಿಂದ 18ಕ್ಕೆ ಏರಿತು. ಅಚ್ಚಾದ ಪುಸ್ತಕಕ್ಕೆ ತೆರಿಗೆಯಿಲ್ಲ. ಆದುದರಿಂದಲೇ ಪ್ರಕಾಶಕನಿಗೆ ಕಾಗದದ ಮೇಲೆ ತೆತ್ತದ್ದು ಮರಳುವುದಿಲ್ಲ. ಸಾವಿರ ರೂಪಾಯಿಯ ಕಾಗದಕ್ಕೆ 1,120 ತೆರುತ್ತಿದ್ದವನು 1,180 ತೆರಬೇಕು. ಕನ್ನಡ ಪುಸ್ತಕಗಳ ಪ್ರಕಾಶಕರಿಗೂ, ಇಂಥ ಸ್ಮರಣ ಸಂಚಿಕೆಗಳನ್ನು ಹೊರತರುವ ಸಂಸ್ಥೆಗಳಿಗೂ ತೆರಿಗೆ ಇಳಿಕೆಯ ವರ್ಷವು ಏರಿಕೆಯ ವರ್ಷವಾದದ್ದು ಹೀಗೆ.

ದಾಸೋಹದ ಅಡುಗೆಮನೆಯ ಸ್ಥಿತಿಯೂ ಇದಕ್ಕೆ ದೂರವಲ್ಲ. ಉಚಿತ ಪ್ರಸಾದಕ್ಕೆ ಬೆಲೆಯಿಲ್ಲ, ಆದುದರಿಂದ ಜಮೆಯೂ ಇಲ್ಲ. ತುಪ್ಪ, ಎಣ್ಣೆಗಳ ಮೇಲೆ ತೆತ್ತ ತೆರಿಗೆ ಪೂರ್ತಿಯಾಗಿ ದಾನಿಗಳ ಹಣದಿಂದಲೇ ಹೋಗುತ್ತದೆ. 2018ರಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯವು ‘ಸೇವಾ ಭೋಜ್’ ಎಂಬ ಯೋಜನೆಯನ್ನು ಆರಂಭಿಸಿ, ತಿಂಗಳಿಗೆ ಕನಿಷ್ಠ 5,000 ಜನರಿಗೆ ಉಚಿತ ಆಹಾರ ನೀಡುವ ಧಾರ್ಮಿಕ ದತ್ತಿ ಸಂಸ್ಥೆಗಳಿಗೆ ತುಪ್ಪ, ಅಡುಗೆ ಎಣ್ಣೆ, ಸಕ್ಕರೆ, ಬೆಲ್ಲ, ಅಕ್ಕಿ, ಹಿಟ್ಟು, ಬೇಳೆಗಳ ಮೇಲಣ ತೆರಿಗೆಯಲ್ಲಿ ಕೇಂದ್ರದ ಪಾಲನ್ನು ಮರಳಿಸಲು ಏರ್ಪಡಿಸಿತು. ಮರಳುವುದು ಕೇಂದ್ರದ ಅರ್ಧ ಮಾತ್ರ. ತುಪ್ಪಕ್ಕೆ ಶೇಕಡಾ 12 ಇದ್ದಾಗ ಮರಳುತ್ತಿದ್ದುದು 6. ಈಗಿನ ದರದಲ್ಲಿ ಆ ಪಾಲು ಎರಡೂವರೆ.

ಕಡೆಯದಾಗಿ ಕಟ್ಟಡದ ಮಾತು. ಶಿಕ್ಷಣ ಸೇವೆಗೆ ತೆರಿಗೆಯಿಲ್ಲದ ಕಾರಣ ಶಾಲೆಯೇ ಕೊನೆಯ ಬಳಕೆದಾರ. ಅದು ಕೊಂಡ ಬೆಂಚು, ಬಣ್ಣ, ಗಣಕಯಂತ್ರಗಳ ತೆರಿಗೆಯೆಲ್ಲವೂ ಅಲ್ಲಿಯೇ ನಿಲ್ಲುತ್ತದೆ. ಸಿಮೆಂಟಿನ ತೆರಿಗೆ 2025ರ ಸೆಪ್ಟೆಂಬರಿನಲ್ಲಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಮೂಲಬೆಲೆ 300 ರೂ. ಇದ್ದ ಚೀಲ 384ರಿಂದ 354 ರೂ.ಗೆ ಬರಬೇಕು. ಸಂಸ್ಥೆಯು ಸಿಮೆಂಟನ್ನು ತಾನೇ ಕೊಂಡು ಕೂಲಿಯನ್ನಷ್ಟೇ ಗುತ್ತಿಗೆಗೆ ಕೊಟ್ಟರೆ ಚೀಲಕ್ಕೆ 30 ರೂ.ಯಂತೆ ದಾನಿಗಳ ಹಣ ಉಳಿಯುತ್ತದೆ. ಸಾಮಗ್ರಿ ಸಹಿತವಾಗಿ ನೋಂದಾಯಿತ ಗುತ್ತಿಗೆದಾರನಿಗೆ ಒಪ್ಪಿಸಿದ್ದರೆ ಕಥೆ ಬೇರೆ. ಅವನು ಸಿಮೆಂಟಿನ ಮೇಲೆ ತೆತ್ತ 84 ರೂ.ಯನ್ನು ಹಿಂದೆಯೂ ಜಮೆಯಾಗಿ ಮುರಿದುಕೊಳ್ಳುತ್ತಿದ್ದನು, ಈಗ 54 ರೂ.ಯನ್ನು ಮುರಿದುಕೊಳ್ಳುತ್ತಾನೆ, ಅವನ ಅಸಲು ಆಗಲೂ ಈಗಲೂ 300. ಶಾಲೆಯಿಂದ ಅವನು ವಸೂಲು ಮಾಡುವ ಗುತ್ತಿಗೆಯ ಶೇಕಡಾ 18 ಇಳಿದಿಲ್ಲ. ಆದುದರಿಂದ ಸಿಮೆಂಟಿನ ತೆರಿಗೆ ಇಳಿಯಿತೆಂದು ಅಂಥ ಗುತ್ತಿಗೆದಾರನನ್ನು ದರ ತಗ್ಗಿಸಲು ಕೇಳುವುದರಲ್ಲಿ ಲೆಕ್ಕದ ಬಲವಿಲ್ಲ. ನೋಂದಣಿಯಿಲ್ಲದ ಸಣ್ಣ ಮೇಸ್ತ್ರಿಯಿಂದ ಕೊಠಡಿ ಕಟ್ಟಿಸುವಲ್ಲಿ ಮಾತ್ರ ಕೇಳುವುದು ಸರಿಯಾದೀತು. ಅವನಿಗೆ ಜಮೆಯಿಲ್ಲವಾದ್ದರಿಂದ ಇಳಿದ 30 ರೂ. ಅವನ ಅಸಲಿನಲ್ಲಿಯೇ ಇಳಿದಿದೆ. ಅಂದಾಜುಪಟ್ಟಿ ತರಿಸುವಾಗ ಮೂಲಬೆಲೆ, ತೆರಿಗೆ, ಒಟ್ಟು ಎಂಬ ಮೂರು ಅಂಕಣಗಳನ್ನು ಬೇರೆಬೇರೆಯಾಗಿ ಬರೆಸಿದರೆ, ಮುಂದಿನ ಸಲ ದರ ಬದಲಾದಾಗ ಯಾವ ಅಂಕಣ ಅಲುಗಿತೆಂಬುದು ತಿಳಿಯುತ್ತದೆ.